ಜೊಂಡಿನೊಳಗಿನ ದನಿ

(ದತ್ತಿ ಉಪನ್ಯಾಸದ ಲಿಖಿತ ರೂಪ)



ನಾನು ಹುಟ್ಟಿದ ಊರಿನ ಕೆರೆಗೆ ಒಬ್ಬ ನೀರುಗಂಟಿ ಅಜ್ಜ ಇದ್ದರು. ತೂಬು ಎತ್ತುವುದು, ಇಳಿಸುವುದು, ಅಚ್ಚುಕಟ್ಟಿಗೆ ನೀರು ಹಂಚುವುದು ಅವರ ಕೆಲಸ. ಮಳೆಗಾಲದಲ್ಲಿ ಬೆಳಗಿನ ಜಾವ ಏರಿಯ ಮೇಲೆ ಒಂದು ಸುತ್ತು ನಡೆದು ಬರುತ್ತಿದ್ದರು. ನಾವು ಹುಡುಗರು ಎದುರಾಗಿ, ಕೆರೆ ಹೇಗಿದೆ ಅಜ್ಜ ಎಂದು ಕೇಳಿದರೆ, "ಜೊಂಡ್ನಾಗೆ ಕೋಳಿ ಕೂಗ್ತಾ ಐತೆ ಕಣ್ ಮಗ, ಅಂಗಳದಾಗೆ ನೀರು ನಿಂತೈತೆ" ಎನ್ನುತ್ತಿದ್ದರು. ನೀರಿನ ಮಟ್ಟ ಅವರಿಗೆ ತೂಬಿನ ಕಲ್ಲಿನಿಂದಲೇ ಗೊತ್ತಾಗುತ್ತಿತ್ತು. ಆದರೂ ಕೆರೆಯ ಕ್ಷೇಮ ಹೇಳುವಾಗ ಅವರ ಬಾಯಿಗೆ ಬರುತ್ತಿದ್ದುದು ಕಣ್ಣಿಗೆ ಬೀಳದ ಆ ಕೋಳಿಯ ಕೂಗು. ಆ ವಯಸ್ಸಿನಲ್ಲಿ ನನಗೆ ಅದು ಮುದುಕರ ಮಾತಿನ ರೀತಿ ಎನಿಸಿತ್ತು. ಅದೇ ಮಾತನ್ನು ಅಳೆದು, ಲೆಕ್ಕವಿಟ್ಟು, ವಿಜ್ಞಾನವಾಗಿ ಮಾಡಿದ ಜನ ಭೂಮಿಯ ಇನ್ನೊಂದು ಮಗ್ಗುಲಲ್ಲಿದ್ದಾರೆ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಇವತ್ತು ಹೇಳಹೊರಟಿರುವುದು ಅವರ ಕೆಲಸವನ್ನು, ಮತ್ತು ಅದರಿಂದ ನಮ್ಮ ಕೆರೆಗಳಿಗೆ ಆಗಬೇಕಾದದ್ದನ್ನು.

ಮೊದಲು ಹಕ್ಕಿಗಳ ಪರಿಚಯ. ಜೌಗಿನ ಹಕ್ಕಿ ಎಂದೊಡನೆ ನಮ್ಮ ಕಣ್ಣ ಮುಂದೆ ಕೊಕ್ಕರೆ, ಬಾತು, ನೀರುಕಾಗೆ ಬರುತ್ತವೆ. ಅವೆಲ್ಲ ಬಯಲ ಹಕ್ಕಿಗಳು. ಏರಿಯ ಮೇಲೆ ನಿಂತು ದುರ್ಬೀನು ಹಿಡಿದರೆ ಎಣಿಸಬಹುದು. ಜೊಂಡಿನ ಒಳಗೇ ಹುಟ್ಟಿ, ಒಳಗೇ ಮೇಯ್ದು, ಒಳಗೇ ಮರಿ ಮಾಡುವ ಇನ್ನೊಂದು ಬಳಗವಿದೆ. ನಮ್ಮಲ್ಲಿ ಕೆಂಪು ಗುಪ್ಪಿ, ಹಳದಿ ಗುಪ್ಪಿ, ಕಪ್ಪು ಗುಪ್ಪಿಗಳು, ಕೆಂಪು ಎದೆಯ ಕ್ರೇಕ್, ವಾಟರ್‌ಕಾಕ್ ಎಂಬ ನೀರುಹುಂಜ ಈ ಬಳಗದವು. ಹುಂಡುಕೋಳಿಯೂ ಇವುಗಳ ನೆಂಟನೇ, ಆದರೆ ಅದು ಧೈರ್ಯಸ್ಥ, ಹಿತ್ತಿಲಿನವರೆಗೂ ಬರುತ್ತದೆ. ಉತ್ತರ ಅಮೆರಿಕದಲ್ಲಿ ವರ್ಜೀನಿಯಾ ರೈಲ್, ಸೋರಾ, ಲೀಸ್ಟ್ ಬಿಟರ್ನ್ ಎಂಬ ಪುಟ್ಟ ಗುಪ್ಪಿ, ಗುಬ್ಬಚ್ಚಿಯಷ್ಟೇ ಇರುವ ಬ್ಲ್ಯಾಕ್ ರೈಲ್ ಇದೇ ಬಾಳು ಬಾಳುತ್ತವೆ.

ವರ್ಜೀನಿಯಾ ರೈಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ತೂಕ ನೂರು ಗ್ರಾಂ ಮುಟ್ಟುವುದು ಅಪರೂಪ. ಮೈ ಎರಡು ಪಕ್ಕದಿಂದ ಒತ್ತಿ ಚಪ್ಪಟೆ ಮಾಡಿದಂತೆ ಕಿರಿದು. ಎರಡು ಜೊಂಡಿನ ಕಾಂಡಗಳ ನಡುವಿನ ಸಂದಿಯಲ್ಲಿ ಎಲೆ ಅಲುಗದಂತೆ ನುಸುಳಲು ಬೇಕಾದಷ್ಟೇ ಅಗಲ. ಸದಾ ಜೊಂಡನ್ನು ತಲೆಯಿಂದ ತಳ್ಳಿಕೊಂಡು ಓಡಾಡುವುದರಿಂದ ಹಣೆಯ ಗರಿಗಳ ತುದಿ ಸವೆತ ತಡೆಯುವ ಹಾಗೆ ಮಾರ್ಪಟ್ಟಿದೆ. ಹಾರುವ ಸ್ನಾಯುವಿಗೆ ಹೋಲಿಸಿದರೆ ಕಾಲಿನ ಸ್ನಾಯು ಬಲಿಷ್ಠ. ಅಪಾಯ ಬಂದರೆ ಹಾರುವುದಿಲ್ಲ, ಓಡುತ್ತದೆ. ಪುಟ್ಟ ಗುಪ್ಪಿಯದು ಬೇರೆಯೇ ಉಪಾಯ. ಒಂದೊಂದು ಕಾಲಿನಲ್ಲಿ ಒಂದೊಂದು ಕಾಂಡ ಹಿಡಿದು ನೀರಿನ ಮೇಲೆ ಕವೆಯಂತೆ ನಿಂತು ಮೀನಿಗೆ ಕಾಯುತ್ತದೆ. ಸುಳಿವು ಸಿಕ್ಕರೆ ಕೊಕ್ಕನ್ನು ಆಕಾಶಕ್ಕೆತ್ತಿ ತಾನೂ ಒಂದು ಜೊಂಡಾಗಿಬಿಡುತ್ತದೆ. ಇಂಥ ಹಕ್ಕಿಯನ್ನು ಕಣ್ಣಿನಿಂದ ಎಣಿಸುವುದು ಆಗದ ಮಾತು. ಆದರೆ ಇವೆಲ್ಲ ಕೂಗುತ್ತವೆ. ಸಂಗಾತಿಯೂ ನೆರೆಯವನೂ ಕಾಣದ ಜಾಗದಲ್ಲಿ ಬದುಕುವ ಜೀವಕ್ಕೆ ದನಿಯೊಂದೇ ದಾರಿ. ಹಾಗಾಗಿ ಇವುಗಳ ಗಣತಿ ಕಿವಿಯ ಕೆಲಸ.

ಅಮೆರಿಕ ಮತ್ತು ಕೆನಡಾ ನಡುವಿನ ಐದು ಮಹಾಸರೋವರಗಳ ದಡದುದ್ದಕ್ಕೂ ವಿಸ್ತಾರವಾದ ಜೌಗುಗಳಿವೆ. ಕಾರ್ಖಾನೆಯ ಕೊಳಕು, ಕೃಷಿಯ ರಸಗೊಬ್ಬರ, ದಡ ಮುಚ್ಚಿ ಕಟ್ಟಿದ ಬಂದರು ಎಲ್ಲವೂ ಸೇರಿ ಅವು ಕೆಟ್ಟಿದ್ದವು. ಎರಡೂ ದೇಶಗಳು 1972ರಲ್ಲಿ ನೀರಿನ ಗುಣಮಟ್ಟದ ಒಪ್ಪಂದ ಮಾಡಿಕೊಂಡವು. 1980ರ ದಶಕದಲ್ಲಿ ತೀರಾ ಹಾಳಾದ ಜಾಗಗಳ ಪಟ್ಟಿಯೂ ಆಯಿತು, ಕೊನೆಗೆ ಅಂಥವು 43 ಆದವು. ಶುದ್ಧೀಕರಣಕ್ಕೆ ಹಣ ಸುರಿದ ಮೇಲೆ ಒಂದು ಪ್ರಶ್ನೆ ಏಳಲೇಬೇಕು: ಜೌಗು ಚೇತರಿಸಿಕೊಂಡಿತೆ? ನೀರಿನ ಮಾದರಿ ತೆಗೆದು ರಂಜಕ, ಸಾರಜನಕ ಅಳೆಯಬಹುದು. ಆ ಅಂಕಿ ಆ ದಿನದ್ದು, ಆ ಸೀಸೆಯದು. ಇಡೀ ಋತು ಅಲ್ಲಿ ವಾಸವಿದ್ದು, ಅಲ್ಲಿನ ಹುಳು, ಬಸವನಹುಳು, ಮೀನು ತಿಂದು, ನೀರಿನಿಂದ ಒಂದೆರಡು ಗೇಣು ಮೇಲೆ ಗೂಡು ಕಟ್ಟಿದವರ ಸಾಕ್ಷಿ ಬೇರೆ ಬೇಕಲ್ಲವೆ?

ಅದಕ್ಕಾಗಿ 1995ರಲ್ಲಿ ಆ ಸರೋವರಗಳ ಸುತ್ತ ಜೌಗು ನಿಗಾ ಕಾರ್ಯಕ್ರಮ ಆರಂಭವಾಯಿತು. ಇಂದು ಬರ್ಡ್ಸ್ ಕೆನಡಾ ಎಂದು ಕರೆಯುವ ಸಂಸ್ಥೆ ಅದನ್ನು ನಡೆಸುತ್ತಿದೆ. ಆ ಸಂಸ್ಥೆಯ ಮೂಲ ಈರಿ ಸರೋವರದ ಉತ್ತರ ದಂಡೆಯಲ್ಲಿ 1960ರಲ್ಲಿ ಶುರುವಾದ ಲಾಂಗ್ ಪಾಯಿಂಟ್ ಪಕ್ಷಿ ವೀಕ್ಷಣಾಲಯ. ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು ಎಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಹಕ್ಕಿಯ ಜತೆಗೆ ಕಪ್ಪೆಗಳ ದನಿಯನ್ನೂ ಅವರು ದಾಖಲಿಸುತ್ತಾರೆ.

ವಿಧಾನ ಸರಳ. ಜೌಗಿನ ಅಂಚಿನಲ್ಲಿ ಒಂದು ಜಾಗ ಗೊತ್ತುಮಾಡಿಕೊಳ್ಳುತ್ತಾರೆ. ಅಲ್ಲಿಂದ ಮುಂದಕ್ಕೆ 100 ಮೀಟರ್ ತ್ರಿಜ್ಯದ ಅರ್ಧವೃತ್ತ ಅವರ ಕ್ಷೇತ್ರ. ಮೊದಲ ಐದು ನಿಮಿಷ ಸುಮ್ಮನೆ ಕಿವಿಗೊಟ್ಟು ನಿಲ್ಲಬೇಕು. ಮುಂದಿನ ಐದು ನಿಮಿಷ ಧ್ವನಿವರ್ಧಕದಿಂದ ಆಯ್ದ ಹಕ್ಕಿಗಳ ಕೂಗನ್ನು ಒಂದಾದ ಮೇಲೊಂದರಂತೆ ಕೇಳಿಸಬೇಕು. ಮತ್ತೆ ಐದು ನಿಮಿಷ ಮೌನ. ಗಾಳಿ ಜೋರಿದ್ದರೆ, ಮಳೆ ಬರುತ್ತಿದ್ದರೆ ಹೋಗುವಂತಿಲ್ಲ. ಅದೇ ಜಾಗಕ್ಕೆ ಅದೇ ಋತುವಿನಲ್ಲಿ ಮತ್ತೆ ಮತ್ತೆ ಹೋಗಬೇಕು, ವರ್ಷ ವರ್ಷವೂ ಹೋಗಬೇಕು. ಇದಕ್ಕೆ ಇಡೀ ಖಂಡಕ್ಕೆ ಒಪ್ಪುವ ಶಿಸ್ತು ಕೊಟ್ಟವರು ಅಮೆರಿಕದ ಪಕ್ಷಿವಿಜ್ಞಾನಿ ಕೋರ್ಟ್ನಿ ಕಾನ್ವೇ. 2011ರಲ್ಲಿ ಅವರು ಪ್ರಕಟಿಸಿದ ಕ್ರಮದಲ್ಲಿ ಐದು ನಿಮಿಷ ಮೌನವಾದ ಮೇಲೆ ಒಂದೊಂದು ಜಾತಿಗೆ ಒಂದೊಂದು ನಿಮಿಷ: 30 ಸೆಕೆಂಡು ಕೂಗು, 30 ಸೆಕೆಂಡು ನಿಶ್ಶಬ್ದ. ಯಾವ ನಿಮಿಷದಲ್ಲಿ ಯಾವ ಹಕ್ಕಿ ಉತ್ತರಿಸಿತು ಎಂಬುದನ್ನೂ ಬರೆದುಕೊಳ್ಳಬೇಕು. ಧ್ವನಿ ಕೇಳಿಸಿದರೆ ಈ ಹಕ್ಕಿಗಳು ಸಿಗುವ ಸಾಧ್ಯತೆ ಎಷ್ಟೋ ಪಟ್ಟು ಹೆಚ್ಚುತ್ತದೆ. ತನ್ನ ಸೀಮೆಯೊಳಗೆ ಬೇರೆಯವನು ಬಂದ ಎಂದು ಒಳಗಿನವನು ಕೂಗಿ ಹೇಳುತ್ತಾನೆ, ಅಷ್ಟೆ.

ಇಲ್ಲಿ ವಿದ್ಯಾರ್ಥಿಗಳಿಗಾಗಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಸರಪಡಬಾರದು. ಕೂಗು ಕೇಳಿಸಲಿಲ್ಲ ಎಂದ ಮಾತ್ರಕ್ಕೆ ಹಕ್ಕಿ ಇಲ್ಲ ಎನ್ನಲಾಗದು. ಅದು ಆವತ್ತು ಕಾವು ಕೂತಿರಬಹುದು, ಸುಮ್ಮನಿರಬಹುದು. ಒಂದು ಜಾತಿಯ ಹಕ್ಕಿ 80 ಜೌಗುಗಳಲ್ಲಿ ನಿಜವಾಗಿಯೂ ಇದೆ ಎಂದಿಟ್ಟುಕೊಳ್ಳಿ. ಒಂದು ಭೇಟಿಯಲ್ಲಿ ಅದು ಕೂಗುವ ಸಾಧ್ಯತೆ ಅರ್ಧಕ್ಕರ್ಧ. ಮೊದಲ ಸುತ್ತಿನಲ್ಲಿ 40 ಜೌಗುಗಳಲ್ಲಿ ಸಿಕ್ಕಿತು. ಉಳಿದ 40ರಲ್ಲಿ ಎರಡನೆಯ ಸುತ್ತಿಗೆ 20, ಮೂರನೆಯದಕ್ಕೆ 10. ಮೂರು ಬಾರಿ ಹೋದ ಮೇಲೂ 10 ಜೌಗುಗಳಲ್ಲಿ ಹಕ್ಕಿ ಇದ್ದೂ ನಮ್ಮ ಪುಸ್ತಕದಲ್ಲಿ ಸೊನ್ನೆಯೇ. ಒಂದೇ ಬಾರಿ ಹೋಗಿ ಬಂದಿದ್ದರೆ ಅರ್ಧ ಜೌಗುಗಳನ್ನು ಸತ್ತವೆಂದು ಬರೆದುಬಿಡುತ್ತಿದ್ದೆವು! ಒಮ್ಮೆ ಸಿಕ್ಕ ಜಾಗದಲ್ಲೇ ಉಳಿದ ಭೇಟಿಗಳಲ್ಲಿ ಎಷ್ಟು ಸಲ ತಪ್ಪಿತು ಎಂಬುದನ್ನು ನೋಡಿದರೆ, ತಪ್ಪುವ ಪ್ರಮಾಣ ತಿಳಿಯುತ್ತದೆ. ಅದರಿಂದ ನಿಜವಾದ ಸಂಖ್ಯೆಯನ್ನು ಅಂದಾಜು ಮಾಡಬಹುದು. ಈ ಗಣಿತವನ್ನು ಡ್ಯಾರಿಲ್ ಮೆಕೆಂಜಿ ಮತ್ತು ಸಂಗಡಿಗರು 2002ರಲ್ಲಿ ಕ್ರಮಬದ್ಧವಾಗಿ ಮಂಡಿಸಿದರು. ಸೊನ್ನೆಯನ್ನೂ ಶ್ರದ್ಧೆಯಿಂದ ಬರೆದಿಟ್ಟವರಿಗೆ ಮಾತ್ರ ಈ ಲೆಕ್ಕ ದಕ್ಕುತ್ತದೆ.

ಇನ್ನು ಈ ಹಕ್ಕಿಗಳು ಹೇಳುವುದೇನನ್ನು? ಅದಕ್ಕೆ ಜೌಗಿನ ಬಾಳು ಗೊತ್ತಿರಬೇಕು. ಅಮೆರಿಕದ ಅಯೋವಾ ರಾಜ್ಯದ ಜೌಗುಗಳಲ್ಲಿ ಮಿಲ್ಟನ್ ವೆಲ್ಲರ್ ಮತ್ತು ಸೆಸಿಲ್ ಸ್ಪ್ಯಾಚರ್ ನಡೆಸಿದ ಅಧ್ಯಯನ 1965ರಲ್ಲಿ ಹೊರಬಂತು. ಜೌಗು ಒಂದೇ ಸ್ಥಿತಿಯಲ್ಲಿ ನಿಲ್ಲುವುದಿಲ್ಲ. ಬರ ಬಂದಾಗ ಕೆಸರು ಬಿಸಿಲಿಗೆ ತೆರೆದುಕೊಳ್ಳುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಬೀಜ ಮೊಳೆಯುತ್ತದೆ. ಮಳೆ ಬಂದು ನೀರು ತುಂಬಿದಾಗ ಜೊಂಡು ದಟ್ಟವಾಗುತ್ತದೆ. ಆಮೇಲೆ ಮಸ್ಕ್‌ರ‍್ಯಾಟ್ ಎಂಬ ದೊಡ್ಡ ನೀರಿಲಿ ಅದನ್ನು ಕಡಿದು ತಿಂದು ನಡುನಡುವೆ ತೆರವು ಮಾಡುತ್ತದೆ. ತೆರವು ಹೆಚ್ಚಾಗುತ್ತಾ ಹೋಗಿ ಕೊನೆಗೆ ಬರೀ ನೀರು ಉಳಿಯುತ್ತದೆ, ಮುಂದಿನ ಬರಕ್ಕೆ ಮತ್ತೆ ಮೊದಲಿನಿಂದ. ಈ ಚಕ್ರದಲ್ಲಿ ಜೊಂಡು ಅರ್ಧ, ನೀರು ಅರ್ಧ ಇರುವ ಘಟ್ಟದಲ್ಲಿ ಹಕ್ಕಿಗಳ ಸಂಖ್ಯೆ, ವೈವಿಧ್ಯ ಅತಿ ಹೆಚ್ಚು. ಜೌಗಿನ ಆರೋಗ್ಯವೆಂದರೆ ವರ್ಷದಿಂದ ವರ್ಷಕ್ಕೆ ನೀರು ಏರಿಳಿಯಬೇಕು, ಆದರೆ ಗೂಡಿನಲ್ಲಿ ಮೊಟ್ಟೆಯಿರುವ ತಿಂಗಳುಗಳಲ್ಲಿ ದಿಢೀರನೆ ಏರಬಾರದು.

ಒಂಟೇರಿಯೋ ಸರೋವರದಲ್ಲಿ ಆದದ್ದು ಇದಕ್ಕೆ ತೀರಾ ವಿರುದ್ಧ. ಸೇಂಟ್ ಲಾರೆನ್ಸ್ ನದಿಗೆ ಅಣೆಕಟ್ಟು ಕಟ್ಟಿ 1960ರಿಂದ ಸರೋವರದ ಮಟ್ಟವನ್ನು ನಿಯಂತ್ರಿಸಲಾಯಿತು. ಹಡಗಿಗೆ, ವಿದ್ಯುತ್ತಿಗೆ, ದಡದ ಮನೆಗಳಿಗೆ ಅನುಕೂಲವಾಯಿತು. ಏರಿಳಿತ ಕಡಿಮೆಯಾದದ್ದೇ ಟೈಫಾ ಜಾತಿಯ ಜೊಂಡು ದಡದ ಹುಲ್ಲುಗಾವಲನ್ನೆಲ್ಲ ನುಂಗಿ ಒಂದೇ ಗೋಡೆಯಾಯಿತು. ದೂರದಿಂದ ನೋಡಿದವರಿಗೆ ಹಚ್ಚಹಸಿರು. ಒಳಗೆ ಸಣ್ಣ ಕಾಲುವೆಯಿಲ್ಲ, ತೆರೆದ ನೀರಿನ ಮಡುವಿಲ್ಲ. ನಿಯಂತ್ರಣದ ನಿಯಮಗಳನ್ನು ಮರುಪರಿಶೀಲಿಸುವಾಗ ವಿಜ್ಞಾನಿಗಳು ಸೂಚಕಗಳಾಗಿ ಆಯ್ದುಕೊಂಡವುಗಳಲ್ಲಿ ಪುಟ್ಟ ಗುಪ್ಪಿ, ವರ್ಜೀನಿಯಾ ರೈಲ್ ಇದ್ದವು. ಅಂತೂ 2016ರ ಡಿಸೆಂಬರಿನಲ್ಲಿ ಎರಡೂ ದೇಶಗಳ ಜಂಟಿ ಆಯೋಗ ಹೊಸ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನೀರಿಗೆ ಸ್ವಲ್ಪಮಟ್ಟಿಗೆ ತನ್ನ ಸಹಜ ಏರಿಳಿತ ಮರಳಿತು. ಮರು ವರ್ಷವೇ, ಮತ್ತೆ 2019ರಲ್ಲಿ, ಭಾರಿ ಮಳೆಯಿಂದ ದಡದ ಮನೆಗಳಿಗೆ ನೀರು ನುಗ್ಗಿತು. ಅನೇಕರು ಹೊಸ ಯೋಜನೆಯನ್ನೇ ದೂರಿದರು. ಅವರ ಸಂಕಟ ಸಣ್ಣದಲ್ಲ. ನೀರನ್ನು ಹಂಚಿಕೊಳ್ಳುವ ಜಗಳ ಎಲ್ಲ ದೇಶಗಳಲ್ಲೂ ಒಂದೇ. ಆದರೆ ಆ ಮಾತುಕತೆಯ ಮೇಜಿನಲ್ಲಿ ನೂರು ಗ್ರಾಂ ತೂಗದ ಒಂದು ಹಕ್ಕಿಗೂ ಜಾಗ ಸಿಕ್ಕಿತ್ತು, ಯಾಕೆಂದರೆ ಅದರ ದನಿಯನ್ನು ಯಾರೋ ವರ್ಷಾನುಗಟ್ಟಲೆ ಬರೆದಿಟ್ಟಿದ್ದರು.

ಲಾಂಗ್ ಪಾಯಿಂಟ್‌ನಲ್ಲಿ ಫ್ರಾಗ್ಮೈಟಿಸ್ ಎಂಬ ಹೊರಗಿನ ಎತ್ತರದ ಹುಲ್ಲು ಜೌಗನ್ನೆಲ್ಲ ಆವರಿಸಿದಾಗ 2016ರಿಂದ ಕಳೆನಾಶಕ ಬಳಸಿ ತೆಗೆಯತೊಡಗಿದರು. ಕಳೆನಾಶಕವೆಂದರೆ ನನಗೂ ಅಳುಕು. ಅದು ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಅವರ ಬಳಿ ಹಿಂದಿನ ಮತ್ತು ಮುಂದಿನ ದಾಖಲೆಯಿತ್ತು. ಹುಲ್ಲು ತೆಗೆದ ಜಾಗಗಳಲ್ಲಿ ಜೌಗಿನ ಹಕ್ಕಿಗಳು ಹೆಚ್ಚಿದವು, ಕಪ್ಪೆಗಳು ಹೆಚ್ಚಲಿಲ್ಲ ಎಂದು 2019ರಲ್ಲಿ ಪ್ರಕಟವಾಯಿತು. ಎರಡನ್ನೂ ಮುಚ್ಚಿಡದೆ ಹೇಳಿದರು ಎಂಬುದನ್ನು ಗಮನಿಸಬೇಕು.

ಮತ್ತೊಂದು ಅಧ್ಯಯನ ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಯದು, 2004ರದು. ಅಲ್ಲಿ ವಿಲಿಯಂ ಡೆಲೂಕ ಮತ್ತು ಜತೆಗಾರರು ಎಲ್ಲೆಂದರಲ್ಲಿ ಬಾಳುವ ಹಕ್ಕಿಗೆ ಕಡಿಮೆ, ಜೌಗಿಲ್ಲದೆ ಬಾಳದ ಹಕ್ಕಿಗೆ ಹೆಚ್ಚು ಅಂಕ ಕೊಟ್ಟು ಒಂದೊಂದು ಜೌಗನ್ನೂ ಅಳೆದರು. ಜೌಗಿನ ಸುತ್ತ 500 ಮೀಟರಿನೊಳಗೆ ಶೇ. 14ಕ್ಕಿಂತ ಹೆಚ್ಚು ನೆಲ ಕಟ್ಟಡ, ಬಡಾವಣೆಗಳಾದರೆ ಅಂಕ ಕುಸಿಯಿತು. ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಊರಿಗೆ ಬನ್ನಿ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇನಲ್ಲಿ ಆದೇಶಿಸಿತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಬದಿಗಿರಿಸಿತು. ಆಗ ನಗರ ಯೋಜನೆಯ 30 ಮೀಟರೇ ಉಳಿಯಿತು. ನಾವು ಜಗಳವಾಡಿದ್ದು ಮೂವತ್ತು, ಎಪ್ಪತ್ತೈದರ ಲೆಕ್ಕದಲ್ಲಿ. ಅಲ್ಲಿ ಹಕ್ಕಿ ಹೇಳಿದ ದೂರ ಐನೂರು.

ಕರ್ನಾಟಕದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎನ್ನುತ್ತೇವೆ. ರಂಗನತಿಟ್ಟು 2022ರಲ್ಲಿ, ಅಂಕಸಮುದ್ರ, ಮಾಗಡಿ ಕೆರೆ, ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿ ಸೇರಿದವು. ಇವುಗಳ ಬಗ್ಗೆ ನಮ್ಮ ಕೈಯಲ್ಲಿರುವ ನಿಯಮಿತ ಹಕ್ಕಿ ಗಣತಿಯೆಂದರೆ ಮುಖ್ಯವಾಗಿ 1987ರಲ್ಲಿ ಆರಂಭವಾದ ಏಷ್ಯಾದ ನೀರುಹಕ್ಕಿ ಗಣತಿ. ಅದು ಜನವರಿಯಲ್ಲಿ ನಡೆಯುತ್ತದೆ. ದೂರದಿಂದ ಬಂದ ಬಾತುಗಳನ್ನೂ ನಮ್ಮವನ್ನೂ ಎಣಿಸುತ್ತದೆ. ಬಹಳ ಬೆಲೆಯುಳ್ಳ ಕೆಲಸ, ನಾನೂ ಎಷ್ಟೋ ವರ್ಷ ಅದರಲ್ಲಿ ಪಾಲ್ಗೊಂಡಿದ್ದೇನೆ. ಆದರೆ ಗುಪ್ಪಿ, ಕ್ರೇಕ್, ನೀರುಹುಂಜಗಳು ನಮ್ಮಲ್ಲಿ ಮರಿ ಮಾಡುವುದು, ಬಾಯಿಬಿಟ್ಟು ಕೂಗುವುದು ಮುಂಗಾರಿನಲ್ಲಿ. ಜನವರಿಯಲ್ಲಿ ಅವು ಮೌನ. ಆ ಗಣತಿಯ ಪುಸ್ತಕದಲ್ಲಿ ಅವು ಇದ್ದೂ ಇಲ್ಲದಂತೆ.

ನಾನು ಕಂಡದ್ದೊಂದನ್ನು ಹೇಳಬೇಕು. ನನ್ನ ಮನೆಗೆ ಸೈಕಲ್ ದೂರದಲ್ಲಿ ಒಂದು ಹಳೆಯ ಕೆರೆಯಿದೆ, ಹೆಸರು ಬೇಡ. ಒಂದು ಜುಲೈ ತಿಂಗಳ ಬೆಳಗ್ಗೆ, ಬೆಳಕು ಹರಿಯುವ ಮೊದಲೇ ಅದರ ಹಿನ್ನೀರಿನ ಕಡೆ ಹೋಗಿ ನಿಂತೆ. ಐದು ನಿಮಿಷ ಕಪ್ಪೆಗಳಲ್ಲದೆ ಏನೂ ಇಲ್ಲ. ಆಮೇಲೆ ಕೆಂಪು ಎದೆಯ ಕ್ರೇಕ್‌ನ ಕೂಗನ್ನು ಅರ್ಧ ನಿಮಿಷ ಮಾತ್ರ ಹಾಕಿ ನಿಲ್ಲಿಸಿದೆ. ನನ್ನಿಂದ ಎರಡು ಮಾರು ದೂರದ ಜೊಂಡಿನ ಬುಡದಿಂದ, ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಹೋಗುವ ನಡುಗು ದನಿಯೊಂದು ಎದ್ದಿತು. ಅಷ್ಟು ಹತ್ತಿರ ಅದು ಮೊದಲಿನಿಂದಲೂ ಇತ್ತು! ಒಂದು ಜೊಂಡಿನ ತುದಿ ಅಲುಗಿತು. ಎರಡು ಕಾಂಡಗಳ ನಡುವೆ ಕೆಸರು ಮೆತ್ತಿದ ಕೆಂಪು ಕಾಲೊಂದು ಒಂದು ಕ್ಷಣ ಕಂಡು ಮರೆಯಾಯಿತು. ಆ ಮುಂಗಾರಿನಲ್ಲಿ ಅಲ್ಲಿ ಕೆಂಪು ಗುಪ್ಪಿಯ ಕೊಕ್ ಕೊಕ್ ಕೊಕ್ ಎಂಬ ಎಡೆಬಿಡದ ಕೂಗೂ ಸಿಕ್ಕಿತು.

ಮರು ಬೇಸಿಗೆಯಲ್ಲಿ ಆ ಕೆರೆಯ ಅಭಿವೃದ್ಧಿ ನಡೆಯಿತು. ಯಂತ್ರಗಳು ಇಳಿದು ಕೆರೆಯಂಗಳವನ್ನೆಲ್ಲ ಬಗೆದು ಬೋಗುಣಿಯಂತೆ ಕಡಿದಾಗಿ ಮಾಡಿದವು. ಅಂಚಿನ ಜೊಂಡು ಕಸವೆಂದು ಲಾರಿ ಹತ್ತಿತು. ಸುತ್ತ ನಡಿಗೆಯ ದಾರಿ, ಬೇಲಿ, ದೀಪ ಬಂತು. ಜನವರಿಯಲ್ಲಿ ಎಣಿಸಿದಾಗ ನಾಮದ ಕೋಳಿ, ನೀರುಕಾಗೆ ಹಿಂದಿಗಿಂತ ಹೆಚ್ಚು ಸಿಕ್ಕಿದವು. ಕೆರೆಗೆ ಜೀವ ಬಂತೆಂದು ಎಲ್ಲರೂ ಸಂತೋಷಪಟ್ಟರು. ಜುಲೈನಲ್ಲಿ ನಾನು ಅದೇ ಜಾಗಕ್ಕೆ ಮೂರು ಸಲ ಹೋದೆ. ಮೂರು ಸಲವೂ ಸೊನ್ನೆ ಬರೆದುಕೊಂಡು ಬಂದೆ. ಹೂಳು ತೆಗೆಯುವುದು ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಹಿರಿಯರೂ ತೆಗೆಯುತ್ತಿದ್ದರು, ಹೊಲಕ್ಕೆ ಹೊಡೆಯುತ್ತಿದ್ದರು. ಆದರೆ ಅಂಚಿನ ಇಳಿಜಾರನ್ನು ಅವರು ಕಡಿಯಲಿಲ್ಲ. ಮೊಣಕಾಲುದ್ದ ನೀರಿನ ಆ ಪಟ್ಟಿಯೇ ಈ ಹಕ್ಕಿಗಳ ಊರು.

ಜೊಂಡು ಇದ್ದರೆ ಸಾಕು ಎಂದೂ ಅಲ್ಲ. ನಗರದ ಚರಂಡಿ ನೀರು ಹರಿಯುವ ಕೆರೆಗಳಲ್ಲಿ ಜೊಂಡು ಒಂಟೇರಿಯೋದಂತೆಯೇ ಗೋಡೆಯಾಗಿ ಬೆಳೆಯುತ್ತದೆ, ಯಾಕೆಂದರೆ ಆ ಕೆರೆ ಬೇಸಿಗೆಯಲ್ಲೂ ಒಣಗುವುದಿಲ್ಲ, ಗೊಬ್ಬರವಂತೂ ಧಾರಾಳ. ಅಲ್ಲಿ ನೀಲಿ ಜಂಬುಕೋಳಿ, ಹುಂಡುಕೋಳಿ ಚೆನ್ನಾಗಿಯೇ ಇರುತ್ತವೆ. ಅವನ್ನು ನೋಡಿ ಕೆರೆ ಕ್ಷೇಮ ಎಂದುಕೊಂಡರೆ ಮೋಸಹೋಗುತ್ತೇವೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬರಗಾಲದ ಜಿಲ್ಲೆಗೆ ನೀರು ಬಂದದ್ದನ್ನು ಆಕ್ಷೇಪಿಸುವವನು ನಾನಲ್ಲ. ಆದರೆ ವರ್ಷಕ್ಕೊಮ್ಮೆ ಒಣಗುತ್ತಿದ್ದ ಕೆರೆ ಸದಾ ತುಂಬಿರತೊಡಗಿದಾಗ ಅಂಚಿನ ಬಾಳು ಹೇಗೆ ಬದಲಾಗುತ್ತದೆ ಎಂಬುದನ್ನು ಈಗಿನಿಂದಲೇ ಕಿವಿಗೊಟ್ಟು ದಾಖಲಿಸಬೇಕು. ಹತ್ತು ವರ್ಷದ ಮೇಲೆ ಶುರುಮಾಡಿದರೆ ಹೋಲಿಸಲು ಹಿಂದಿನದೇನೂ ಇರುವುದಿಲ್ಲ.

ಒಂದು ಎಚ್ಚರಿಕೆ. ಫೋಟೋ ತೆಗೆಯುವ ಆಸೆಗೆ ಮೊಬೈಲಿನಲ್ಲಿ ಮತ್ತೆ ಮತ್ತೆ ಕೂಗು ಹಾಕಿ ಹಕ್ಕಿಯನ್ನು ಹೊರಗೆಳೆಯುವುದು ತಪ್ಪು. ಗೂಡು ಬಿಟ್ಟು ಬಂದ ತಾಯಿಯ ಮೊಟ್ಟೆ ತಣ್ಣಗಾಗುತ್ತದೆ, ಕಾಗೆಗೆ ದಾರಿಯಾಗುತ್ತದೆ. ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಡ, ತರಬೇತಿಯಿಲ್ಲದವರು ಅದನ್ನೂ ಮಾಡಬೇಡಿ. ಸುಮ್ಮನೆ ಕೇಳಿದರೂ ಬಹಳಷ್ಟು ಸಿಗುತ್ತದೆ.

ಈ ಸಭಾಂಗಣದಲ್ಲಿ ಜೀವವಿಜ್ಞಾನ ಓದುತ್ತಿರುವ ಮಕ್ಕಳಿದ್ದೀರಿ, ಕೆರೆಯ ಪಕ್ಕದ ಊರುಗಳಿಂದ ಬಂದವರಿದ್ದೀರಿ. ಬರುವ ಮುಂಗಾರಿನಲ್ಲಿ ನಿಮ್ಮೂರಿನ ಕೆರೆಯ ಹಿನ್ನೀರಿನಲ್ಲಿ ಒಂದು ಜಾಗ ಗೊತ್ತುಮಾಡಿಕೊಳ್ಳಿ. ಜುಲೈಯಿಂದ ಸೆಪ್ಟೆಂಬರಿನೊಳಗೆ ಮೂರು ಬೆಳಗ್ಗೆ, ಸೂರ್ಯ ಹುಟ್ಟುವ ಹೊತ್ತಿಗೆ, ಹದಿನೈದು ನಿಮಿಷ ಅಲ್ಲಿ ನಿಲ್ಲಿ. ತಾರೀಖು, ಗಾಳಿ, ನೀರಿನ ಆಳ, ಜೊಂಡು ಎಷ್ಟು, ಬಯಲು ನೀರು ಎಷ್ಟು, ಕೇಳಿಸಿದ್ದೇನು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹೆಸರು ಗೊತ್ತಿಲ್ಲದ ದನಿಯಾದರೆ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ, ಬಲ್ಲವರು ಹೇಳುತ್ತಾರೆ. ಏನೂ ಕೇಳಿಸದಿದ್ದರೆ, ಏನೂ ಕೇಳಿಸಲಿಲ್ಲ ಎಂದು ಬರೆಯುವುದನ್ನು ಮಾತ್ರ ಮರೆಯಬೇಡಿ.